ಐಫೋನ್ 17 ಬೇಕೋ, ಗ್ಯಾಲಕ್ಸಿ ಎಸ್25 ಬೇಕೋ? ಘಟ್ಟದ ಮೇಲಿನವರು, ಕೆಳಗಿನವರು ಕೊಳ್ಳುವ ಮೊದಲು ನೋಡಬೇಕಾದ್ದು

ಅಂಗಡಿಯ ಗಾಜಿನ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಎರಡೂ ಚಂದವೇ. ಎರಡೂ ವೇಗ, ಎರಡರ ಪರದೆಯೂ ನುಣುಪು. ಬೆಲೆಯಲ್ಲೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಬಿಡುಗಡೆಯಾದಾಗ 256 ಜಿಬಿಯ ಐಫೋನ್ 17ಕ್ಕೆ 82,900 ರೂಪಾಯಿ ಇತ್ತು, ಅಷ್ಟೇ ಜಾಗದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25ಕ್ಕೆ 80,999. ಗ್ಯಾಲಕ್ಸಿ ಬಂದಿದ್ದು 2025ರ ಜನವರಿಯಲ್ಲಿ, ಐಫೋನ್ ಬಂದಿದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ.

ಕಳೆದ ದೀಪಾವಳಿ ಹೊತ್ತಿಗೆ ಉತ್ತರ ಕನ್ನಡದ ಕಡಲ ಬದಿಯ ಕುಮಟಾದಲ್ಲಿರುವ ನನ್ನ ತಂಗಿಗೆ ಹೊಸ ಫೋನ್ ಬೇಕಿತ್ತು. "ಅಣ್ಣಾ, ಎರಡರಲ್ಲಿ ಯಾವ್ದು ತಗಳವು ಹೇಳು" ಎಂದಳು. ನಾನು ಅದೇ ಜಿಲ್ಲೆಯ ಘಟ್ಟದ ಮೇಲೆ, ಶಿರಸಿ ಹತ್ತಿರದ ಹಳ್ಳಿಯವನು. ಎರಡು ವಾರ ಇಬ್ಬರೂ ಸೇರಿ ಹುಡುಕಿದೆವು. ನೋಡಿದ ವಿಡಿಯೋಗಳಲ್ಲೆಲ್ಲ ಚಿಪ್ ಯಾವುದು, ಗೇಮ್ ಎಷ್ಟು ಚೆನ್ನಾಗಿ ಓಡುತ್ತದೆ ಎನ್ನುವ ಮಾತೇ ಜಾಸ್ತಿ. ನಮ್ಮ ಕಡೆ ಫೋನ್ ಹಾಳಾಗುವುದು ಚಿಪ್ ಸಾಲದೆ ಅಲ್ಲ. ಉಪ್ಪುನೀರು, ಮಳೆಗಾಲದ ಥಂಡಿ, ಸಿಗದ ಟವರ್, ದೂರದ ಸರ್ವೀಸ್ ಸೆಂಟರ್, ಇವುಗಳಿಂದ. ಹಾಗಾಗಿ ಆಯ್ಕೆಯನ್ನೂ ಅಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾವು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಒಂದು ವಾರ ಬರೆದಿಡಿ

ಅಂಗಡಿಗೆ ಹೋಗುವ ಮೊದಲು ಒಂದು ವಾರ ನಿಮ್ಮ ಈಗಿನ ಫೋನ್ ಎಲ್ಲೆಲ್ಲಿ ಕೈ ಕೊಡುತ್ತದೆ ಅಂತ ಬರೆದಿಡಿ. ಹಳೆಯ ಕ್ಯಾಲೆಂಡರ್‌ನ ಹಿಂಬದಿ ಸಾಕು. ತಂಗಿಯ ಪಟ್ಟಿಯಲ್ಲಿ ನಾಲ್ಕೇ ಸಾಲು ಇತ್ತು: ಶಾಲೆಯಲ್ಲಿ ಒಂದು ಸಿಮ್‌ಗೆ ಮಾತ್ರ ನೆಟ್‌ವರ್ಕ್, ಮನೆಯಲ್ಲಿ ಇನ್ನೊಂದಕ್ಕೆ ಮಾತ್ರ. ಯಕ್ಷಗಾನದ ಆಟ ನೋಡಲು ಹೋದಾಗ ಫೋಟೋ ಬರುವುದಿಲ್ಲ. ಕರೆಂಟು ಹೋದ ದಿನ ಸಂಜೆಗೆ ಬ್ಯಾಟರಿ ಖಾಲಿ. ಜಾಗ ತುಂಬಿದೆ.

ಗೇಮ್ ಅನ್ನುವ ಶಬ್ದವೇ ಅದರಲ್ಲಿ ಇರಲಿಲ್ಲ. ನಿಮ್ಮ ಪಟ್ಟಿ ಬೇರೆ ಇರಬಹುದು. ಆದರೆ ಪಟ್ಟಿ ಇಲ್ಲದೆ ಅಂಗಡಿಗೆ ಹೋದರೆ ಮಾರುವವರು ಹೇಳಿದ್ದೇ ನಿಮ್ಮ ಅಗತ್ಯ ಆಗಿಬಿಡುತ್ತದೆ.

ಸಿಮ್ ಮತ್ತು ಟವರ್

ಎರಡು ಫೋನ್‌ಗಳ ನಡುವೆ ನಿಜವಾಗಿ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ. ಇದನ್ನು ಹೇಳುವವರು ಮಾತ್ರ ಕಡಿಮೆ.

ನಮ್ಮಲ್ಲಿ ಎರಡು ಸಿಮ್ ಅನ್ನುವುದು ಅನಿವಾರ್ಯ. ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೆ ಟವರ್ ಸಿಗುವುದಿಲ್ಲ. ಪೇಟೆಗೆ ಬಂದರೆ ಜಿಯೋ, ಏರ್‌ಟೆಲ್ ಬೇಕು. ಗ್ಯಾಲಕ್ಸಿ ಎಸ್25ರಲ್ಲಿ ಎರಡು ಸಿಮ್ ಕಾರ್ಡ್ ಹಾಕಬಹುದು, ಜೊತೆಗೆ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್ ಕೂಡ ಇದೆ. ಒಂದು ಹೊತ್ತಿಗೆ ಕೆಲಸ ಮಾಡುವುದು ಎರಡು. ಭಾರತದಲ್ಲಿ ಸಿಗುವ ಐಫೋನ್ 17ರಲ್ಲಿ ಹಾಕಲು ಬರುವುದು ಒಂದೇ ಕಾರ್ಡ್. ಎರಡನೆಯ ನಂಬರ್ ಇ-ಸಿಮ್ ಆಗಬೇಕು.

ಇ-ಸಿಮ್ ಕೆಟ್ಟದ್ದೇನಲ್ಲ. ಪೇಟೆಯಲ್ಲಿರುವವರಿಗೆ ಅದರಿಂದ ತೊಂದರೆ ಇಲ್ಲ. ಆದರೆ ಹೀಗೆ ಯೋಚಿಸಿ. ಮಳೆಗಾಲದ ರಾತ್ರಿ ಫೋನ್ ಕೆಟ್ಟು ನಿಂತಿತು. ಸಿಮ್ ಕಾರ್ಡ್ ಇದ್ದರೆ ಪಿನ್ನಿನಿಂದ ಟ್ರೇ ತೆಗೆದು, ಕಪಾಟಿನಲ್ಲಿರುವ ಹಳೆಯ ಫೋನಿಗೆ ಹಾಕಿದರೆ ಮುಗಿಯಿತು. ಎರಡು ನಿಮಿಷದಲ್ಲಿ ಆಂಬುಲೆನ್ಸ್‌ಗೋ ಲೈನ್‌ಮ್ಯಾನ್‌ಗೋ ಕರೆ ಹೋಗುತ್ತದೆ. ಇ-ಸಿಮ್ ಆದರೆ ಬೇರೆ ಫೋನಿಗೆ ಹೊಸದಾಗಿ ಹಾಕಿಸಿಕೊಳ್ಳಬೇಕು. ಅದಕ್ಕೆ ಇಂಟರ್ನೆಟ್ ಬೇಕು, ಇ-ಸಿಮ್ ಹಿಡಿಸುವ ಫೋನೇ ಬೇಕು. ಎಷ್ಟೋ ಹಳೆಯ ಫೋನ್‌ಗಳಲ್ಲಿ ಅದು ಇರುವುದಿಲ್ಲ.

ಹಾಗಾಗಿ ಐಫೋನ್ ಕೊಳ್ಳುವವರು ಇದೊಂದು ಮಾಡಿ. ಮನೆಯಲ್ಲಿ ಯಾವ ಕಂಪನಿಯ ಟವರ್ ಗಟ್ಟಿಯಾಗಿ ಸಿಗುತ್ತದೋ ಆ ನಂಬರ್ ಟ್ರೇಯಲ್ಲಿ ಕಾರ್ಡ್ ಆಗಿಯೇ ಇರಲಿ. ಪೇಟೆಯ ನಂಬರ್ ಇ-ಸಿಮ್ ಆಗಲಿ. ಬ್ಯಾಂಕಿನ ಓಟಿಪಿ ಬರುವ ನಂಬರ್ ಕೂಡ ಕಾರ್ಡ್‌ನಲ್ಲೇ ಇದ್ದರೆ ಒಳ್ಳೆಯದು.

ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದ್ದವರು ವೈಫೈ ಕಾಲಿಂಗ್ ಬಗ್ಗೆ ಕೇಳಿಕೊಳ್ಳಿ. ಟವರ್ ಇಲ್ಲದಿದ್ದರೂ ನಿಮ್ಮದೇ ನಂಬರಿನಿಂದ ವೈಫೈ ಮೂಲಕ ಕರೆ ಹೋಗುತ್ತದೆ, ಬರುತ್ತದೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ಎರಡೂ ಫೋನ್‌ಗಳಲ್ಲಿ ಸೆಟ್ಟಿಂಗ್‌ಗೆ ಹೋಗಿ ಒಮ್ಮೆ ಆನ್ ಮಾಡಬೇಕು. ನಮ್ಮ ಆಯಿ, ಅಂದರೆ ಅಮ್ಮ, ಮೊದಲೆಲ್ಲ ತಂಗಿಯ ಜೊತೆ ಮಾತಾಡಲು ಅಂಗಳದ ಹಲಸಿನ ಮರದ ಬುಡಕ್ಕೆ ಹೋಗಿ ನಿಲ್ಲುತ್ತಿದ್ದಳು. ಈಗ ಜಗಲಿಯಲ್ಲೇ ಕೂತು ಮಾತಾಡುತ್ತಾಳೆ.

ಉಪ್ಪುನೀರು

ಎರಡೂ ಫೋನ್‌ಗಳಿಗೆ ಐಪಿ68 ಇದೆ, ಅಂದರೆ ನೀರು, ಧೂಳು ತಡೆಯುತ್ತದೆ ಅನ್ನುವ ಗುರುತು. ಗ್ಯಾಲಕ್ಸಿಗೆ ಒಂದೂವರೆ ಮೀಟರ್ ಆಳದಲ್ಲಿ 30 ನಿಮಿಷ, ಐಫೋನ್‌ಗೆ 6 ಮೀಟರ್ ಆಳದಲ್ಲಿ 30 ನಿಮಿಷ. ಈ ಅಂಕಿ ನೋಡಿ ಐಫೋನೇ ಮೇಲು ಅನ್ನುವವರಿದ್ದಾರೆ. ಆದರೆ ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಕಾರವಾರದ ಟಾಗೋರ್ ಕಡಲತೀರದಲ್ಲಾಗಲಿ ಗೋಕರ್ಣದಲ್ಲಾಗಲಿ ಇರುವುದು ಸಿಹಿನೀರಲ್ಲ.

ನನಗೇ ಆದದ್ದು ಹೇಳುತ್ತೇನೆ. ಎರಡು ವರ್ಷದ ಹಿಂದೆ ಓಂ ಬೀಚ್‌ನಲ್ಲಿ ಮೊಣಕಾಲು ನೀರಿನಲ್ಲಿ ನಿಂತಿದ್ದೆ. ಒಂದು ಅಲೆ ಎತ್ತರಕ್ಕೆ ಬಂದು ಜೇಬು ಒದ್ದೆಯಾಯಿತು. ಆಗ ನನ್ನ ಹತ್ತಿರ ಇದ್ದುದೂ ಐಪಿ68 ಇದ್ದ ಫೋನೇ. ಪಂಚೆಯಲ್ಲಿ ಒರೆಸಿ ಮತ್ತೆ ಜೇಬಿಗೆ ಹಾಕಿದೆ. ರಾತ್ರಿ ಚಾರ್ಜಿಗೆ ಹಾಕಿದರೆ ಪರದೆಯ ಮೇಲೆ ತೇವ ಇದೆ ಅನ್ನುವ ಎಚ್ಚರಿಕೆ ಬಂತು. ಊದಿ, ಒರೆಸಿ, ಮತ್ತೆ ಮತ್ತೆ ಹಾಕಿದೆ. ನಾಲ್ಕು ದಿನ ಕಳೆದ ಮೇಲೆ ಚಾರ್ಜ್ ಆಗುವುದು ನಿಂತೇಹೋಯಿತು. ಟಾರ್ಚ್ ಹಿಡಿದು ಒಳಗೆ ನೋಡಿದರೆ ಚಾರ್ಜಿಂಗ್ ಕಿಂಡಿಯ ನಡುವಿನ ಪಟ್ಟಿಯ ಮೇಲೆ ಹಸಿರು ಪಾಚಿಯಂಥದ್ದು ಕೂತಿತ್ತು. ಅದು ಕಿಲುಬು. ಸರ್ವೀಸ್ ಸೆಂಟರ್‌ನವರು ಒಳಗಿನ ಗುರುತು ತೋರಿಸಿ, ನೀರು ತಾಗಿದೆ, ವಾರಂಟಿ ಬರುವುದಿಲ್ಲ ಎಂದರು. ಅವರು ಹೇಳಿದ್ದು ಸರಿಯೇ. ಐಪಿ68 ಇದ್ದರೂ ನೀರಿನಿಂದ ಆದ ಹಾನಿ ಮಾಮೂಲಿ ವಾರಂಟಿಯೊಳಗೆ ಬರುವುದಿಲ್ಲ. ಆಪಲ್, ಸ್ಯಾಮ್‌ಸಂಗ್ ಎರಡರದ್ದೂ ಇದೇ ನಿಯಮ. ವಾರಂಟಿಯ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ.

ಉಪ್ಪುನೀರು ಒಣಗಿದ ಮೇಲೂ ಉಪ್ಪು ಅಲ್ಲೇ ಉಳಿಯುತ್ತದೆ. ಮಳೆಗಾಲದ ಗಾಳಿಯ ತೇವ ಹೀರಿ ಮತ್ತೆ ಒದ್ದೆಯಾಗುತ್ತದೆ. ಅದರ ಮೇಲೆ ಚಾರ್ಜರ್‌ನ ಕರೆಂಟು ಹರಿದರೆ ಲೋಹ ಬೇಗ ತಿಂದುಹೋಗುತ್ತದೆ. ನಾನು ಕೆಡಿಸಿಕೊಂಡಿದ್ದು ಅಲೆಯಿಂದಲ್ಲ, ಆಮೇಲೆ ಹಾಕಿದ ಚಾರ್ಜರಿನಿಂದ.

ಮಾಡಬೇಕಾದ್ದು ಇಷ್ಟು. ಸಮುದ್ರದ ನೀರು ತಾಗಿದರೆ ಫೋನ್ ಆಫ್ ಮಾಡಿ. ಸಿಹಿನೀರನ್ನು ನಿಧಾನವಾಗಿ ಸುರಿದು ತೊಳೆಯಿರಿ. ಜೋರು ನಲ್ಲಿಗೆ ಹಿಡಿಯಬೇಡಿ. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಚಾರ್ಜಿಂಗ್ ಕಿಂಡಿ ಕೆಳಮುಖವಾಗಿರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಫ್ಯಾನಿನ ಗಾಳಿಗೆ ಇಡಿ. ಪೂರ್ತಿ ಒಣಗುವ ತನಕ ವೈರ್ ಹಾಕಲೇಬೇಡಿ. ನಾನಾದರೆ ಒಂದು ಇಡೀ ರಾತ್ರಿ ಬಿಡುತ್ತೇನೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮದ್ದು, ಆದರೆ ಅದು ಬೇಡ ಅಂತ ಆಪಲ್ ಕಂಪನಿಯೇ ಹೇಳಿದೆ. ಅಕ್ಕಿಯ ಪುಡಿ ಕಿಂಡಿಯೊಳಗೆ ಸೇರಿಕೊಳ್ಳುತ್ತದೆ.

ಈ ವಿಷಯದಲ್ಲಿ ನನ್ನ ಮಟ್ಟಿಗೆ ಎರಡೂ ಫೋನ್ ಸಮ. ಬೀಚಿಗೆ ಹೋಗುವಾಗ, ದೋಣಿ ಹತ್ತುವಾಗ ಕುತ್ತಿಗೆಗೆ ನೇತುಹಾಕುವ ಪ್ಲಾಸ್ಟಿಕ್ ಚೀಲ ಕೊಳ್ಳಿ. ಎಂಬತ್ತು ಸಾವಿರದ ಫೋನಿನ ಮುಂದೆ ಅದರ ಬೆಲೆ ಏನೂ ಅಲ್ಲ.

ಬೆರಳೋ, ಮುಖವೋ

ಗ್ಯಾಲಕ್ಸಿಗೆ ಪರದೆಯ ಅಡಿಯಲ್ಲಿ ಬೆರಳಚ್ಚು ಓದುವ ಸೆನ್ಸರ್ ಇದೆ. ಐಫೋನ್‌ನಲ್ಲಿ ಬೆರಳಚ್ಚು ಇಲ್ಲ, ಮುಖ ನೋಡಿ ತೆರೆಯುವ ಫೇಸ್ ಐಡಿ ಮಾತ್ರ. ಇದು ರುಚಿಯ ಪ್ರಶ್ನೆ ಅಂತ ನಾನು ಅಂದುಕೊಂಡಿದ್ದೆ, ಆಯಿಯ ಕೈ ನೋಡುವ ತನಕ.

ಅಡಿಕೆ ಸುಲಿಯುವ ಕಾಲ. ಆಯಿ ಮೆಟ್ಟುಗತ್ತಿಯ ಮುಂದೆ ಕೂತಿದ್ದಳು. ಹಸಿ ಅಡಿಕೆಯ ಚೊಗರು ಹಿಡಿದು ಹೆಬ್ಬೆರಳು, ತೋರುಬೆರಳು ಕಪ್ಪಾಗಿದ್ದವು. ಬೆರಳ ತುದಿಯ ತುಂಬ ಸಣ್ಣ ಸಣ್ಣ ಸೀಳು. ತಂಗಿಯ ಹೊಸ ಫೋನಿಗೆ ಆಯಿಯ ಬೆರಳನ್ನೂ ಸೇರಿಸೋಣ ಅಂತ ಒತ್ತಿಸಿದರೆ ಆರು ಸಲವೂ ತಗೊಳ್ಳಲಿಲ್ಲ. "ಎನ್ನ ಬೆರಳಿನ ಗುರುತೇ ಇದಕ್ಕೆ ಸಿಕ್ತಿಲ್ಲೆ" ಎಂದಳು ಆಯಿ. ಕೈ ತೊಳೆದು, ಎಣ್ಣೆ ಹಚ್ಚಿ ಒರೆಸಿದ ಮೇಲೆ ಎಡಗೈ ಕಿರುಬೆರಳು ಹಿಡಿಯಿತು.

ತೋಟದಲ್ಲಿ ಕೆಲಸ ಮಾಡುವವರು, ಮೀನು ಹೆಚ್ಚುವವರು, ಬಲೆ ಎಳೆಯುವವರು, ಗಾರೆ ಕೆಲಸದವರು ಇದನ್ನು ಗಂಭೀರವಾಗಿ ತಗೊಳ್ಳಿ. ಒದ್ದೆ ಬೆರಳು, ಸವೆದ ಬೆರಳು ಇದ್ದವರಿಗೆ ಮುಖ ನೋಡಿ ತೆರೆಯುವುದೇ ಸುಲಭ. ಫೇಸ್ ಐಡಿ ಕತ್ತಲೆಯಲ್ಲೂ ಕೆಲಸ ಮಾಡುತ್ತದೆ. ಗ್ಯಾಲಕ್ಸಿಗೂ ಮುಖ ನೋಡಿ ತೆರೆಯುವ ಸೌಲಭ್ಯ ಇದೆ, ಆದರೆ ಅದು ಮಾಮೂಲಿ ಸೆಲ್ಫಿ ಕ್ಯಾಮೆರಾದಿಂದ ನೋಡುವುದು. ಫೇಸ್ ಐಡಿಯಷ್ಟು ಭದ್ರ ಅಲ್ಲ. ಕೊಳ್ಳುವ ಮೊದಲು ಅಂಗಡಿಯ ಡೆಮೋ ಫೋನಿಗೆ ನಿಮ್ಮ ಬೆರಳು ಸೇರಿಸಿ ನೋಡಲು ಕೇಳಿ, ಆಮೇಲೆ ಅಳಿಸಿ ಬನ್ನಿ.

ಕ್ಯಾಮೆರಾ: ಆಟಕ್ಕೆ ಒಂದು, ತೋಟಕ್ಕೆ ಒಂದು

ಯಕ್ಷಗಾನಕ್ಕೆ ಹೋಗುವವರಿಗೆ ಗೊತ್ತು, ಎದುರು ಸಾಲು ಸಿಗುವುದು ಅಪರೂಪ. ಹಿಂದೆ ಕೂತು ಮುಂಡಾಸು ಕಟ್ಟಿದ ವೇಷದ ಮುಖ ಹಿಡಿಯಬೇಕು ಅಂದರೆ ಜೂಮ್ ಬೇಕು. ಗ್ಯಾಲಕ್ಸಿ ಎಸ್25ರಲ್ಲಿ ಅದಕ್ಕಾಗಿಯೇ ಮೂರು ಪಟ್ಟು ಹತ್ತಿರ ತರುವ ಬೇರೆ ಲೆನ್ಸ್ ಇದೆ, 10 ಮೆಗಾಪಿಕ್ಸೆಲ್‌ನದ್ದು. ಐಫೋನ್ 17ರಲ್ಲಿ ಆ ಲೆನ್ಸ್ ಇಲ್ಲ. 48 ಮೆಗಾಪಿಕ್ಸೆಲ್‌ನ ಮುಖ್ಯ ಕ್ಯಾಮೆರಾದ ನಡುಭಾಗವನ್ನು ಕತ್ತರಿಸಿ ಎರಡು ಪಟ್ಟು ತೋರಿಸುತ್ತದೆ. ಅಲ್ಲಿಯ ತನಕ ಚೆನ್ನಾಗಿಯೇ ಬರುತ್ತದೆ, ಅದರಾಚೆ ಮಸುಕು. ಭಾವ ಆಟದ ಹುಚ್ಚಿನವರು. ಅವರಿಗೆ ಇದೊಂದೇ ಸಾಕಾಯಿತು ತೀರ್ಮಾನ ಮಾಡಲು. ಒಂದು ಮಾತು ಮಾತ್ರ ನೆನಪಿರಲಿ: ಜೂಮ್ ಲೆನ್ಸ್‌ನ ಸೆನ್ಸರ್ ಚಿಕ್ಕದು, ಅದಕ್ಕೆ ಬೆಳಕು ಬೇಕು. ರಂಗದ ಬೆಳಕು ಚೆನ್ನಾಗಿದ್ದು, ವೇಷ ನಿಂತು ಮಾತಾಡುವಾಗ ಫೋಟೋ ಚಂದ. ಕುಣಿಯುವಾಗ ಅಲುಗಿಹೋಗುತ್ತದೆ.

ವಿಡಿಯೋ ಆದರೆ ನನಗೆ ಐಫೋನ್ ಇಷ್ಟ. ನಡೆಯುತ್ತ ತೆಗೆದರೂ ಬಣ್ಣ ಒಂದೇ ಹದದಲ್ಲಿ ಇರುತ್ತದೆ. ಅದರ ಮುಂದಿನ ಕ್ಯಾಮೆರಾ 18 ಮೆಗಾಪಿಕ್ಸೆಲ್. ಫೋನ್ ನೆಟ್ಟಗೆ ಹಿಡಿದೇ ಅಡ್ಡ ಸೆಲ್ಫಿ ತೆಗೆಯಬಹುದು. ಮನೆ ತುಂಬ ನೆಂಟರು ಸೇರಿದಾಗ ತುದಿಯಲ್ಲಿ ನಿಂತವರ ಅರ್ಧ ಮುಖ ತುಂಡಾಗುವುದಿಲ್ಲ.

ಇನ್ನೊಂದು ತೋಟದ ವಿಷಯ. ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ಕಡೆಯವರು ಅಡಿಕೆ ಸೋಗೆಯ ಫೋಟೋ ತೆಗೆದು ತೋಟಗಾರಿಕೆಯವರಿಗೆ, ತಿಳಿದವರಿಗೆ ಕಳಿಸುವುದು ಮಾಮೂಲಾಗಿದೆ. ದೂರದಿಂದ ತೆಗೆದ ಫೋಟೋ ನೋಡಿ ಯಾರೂ ಏನೂ ಹೇಳಲಾರರು. ಚುಕ್ಕಿಯ ನಡುವಿನ ಬಣ್ಣ, ಸುತ್ತಲಿನ ಹಳದಿ ಉಂಗುರ ಕಾಣಬೇಕು. ಐಫೋನ್ 17ರಲ್ಲಿ ಮ್ಯಾಕ್ರೋ ಇದೆ. ಎಲೆಗೆ ಎರಡು ಬೆರಳಷ್ಟು ಹತ್ತಿರ ಹೋದರೂ ಸ್ಪಷ್ಟ ಬರುತ್ತದೆ. ಗ್ಯಾಲಕ್ಸಿಯಲ್ಲಿ ಒಂದು ಗೇಣು ದೂರ ನಿಂತು, ಎರಡು ಅಥವಾ ಮೂರು ಪಟ್ಟು ಜೂಮ್ ಮಾಡಿ ತೆಗೆಯಿರಿ. ಕೆಲಸ ನಡೆಯುತ್ತದೆ, ಅಷ್ಟು ಸುಲಭ ಅಲ್ಲ ಅಷ್ಟೇ.

ಅಂಗಡಿಯ ಬೆಳಕಿನಲ್ಲಿ ಎಲ್ಲ ಕ್ಯಾಮೆರಾವೂ ಚೆನ್ನಾಗಿ ಕಾಣುತ್ತದೆ. ಡೆಮೋ ಫೋನನ್ನು ಕೌಂಟರ್‌ನ ಅಡಿಯ ಕತ್ತಲೆಗೆ ಹಿಡಿದು ತೆಗೆಯಿರಿ. ಬಾಗಿಲಿಗೆ ಬಂದು ರಸ್ತೆಯಾಚೆಯ ಬೋರ್ಡ್ ಜೂಮ್ ಮಾಡಿ. ನಿಮ್ಮ ಕೈಯ ಗೆರೆಗಳನ್ನು ಹತ್ತಿರದಿಂದ ತೆಗೆಯಿರಿ. ಮೂರೇ ಫೋಟೋ, ಎರಡೂ ಫೋನಿನಲ್ಲಿ.

ಬ್ಯಾಟರಿ

ಇಲ್ಲಿ ಜಾಸ್ತಿ ಹೇಳುವುದಿಲ್ಲ. ಗ್ಯಾಲಕ್ಸಿಯದ್ದು 4000 ಎಂಎಎಚ್, 25 ವ್ಯಾಟ್ ಚಾರ್ಜಿಂಗ್. ಐಫೋನ್ 17 ಸರಿಯಾದ ಅಡಾಪ್ಟರ್ ಇದ್ದರೆ 20 ನಿಮಿಷದಲ್ಲಿ ಅರ್ಧ ತುಂಬುತ್ತದೆ ಎಂದು ಕಂಪನಿ ಹೇಳುತ್ತದೆ. ಕರೆಂಟು ಬಂದು ಹೋಗುವ ಊರಲ್ಲಿ ಇದು ಉಪಯೋಗಕ್ಕೆ ಬರುವ ಗುಣ. ಎರಡರ ಪೆಟ್ಟಿಗೆಯಲ್ಲೂ ಅಡಾಪ್ಟರ್ ಬರುವುದಿಲ್ಲ, ವೈರ್ ಮಾತ್ರ.

ಆದರೆ ನಮ್ಮಲ್ಲಿ ಬ್ಯಾಟರಿ ತಿನ್ನುವುದು ಟವರ್ ಹುಡುಕಾಟ. ಸಿಗ್ನಲ್ ಕ್ಷೀಣವಾದಷ್ಟೂ ಫೋನ್ ಜೋರಾಗಿ ಕೂಗಬೇಕಾಗುತ್ತದೆ, ಅದಕ್ಕೆ ಶಕ್ತಿ ಬೇಕು. ದೇವಿಮನೆ ಘಟ್ಟ ಇಳಿಯುವಾಗ ಫೋನ್ ಬಿಸಿಯಾಗುವುದನ್ನು ನೀವೂ ನೋಡಿರಬಹುದು. ಅಂಥ ಕಡೆ ಏರೋಪ್ಲೇನ್ ಮೋಡ್ ಹಾಕಿ. ಗುಡುಗು ಮಿಂಚು ಶುರುವಾದರೆ ಚಾರ್ಜರ್ ಕಿತ್ತಿಡಿ.

ಕೆಟ್ಟರೆ ಎಲ್ಲಿಗೆ ಹೋಗಬೇಕು

ದುಡ್ಡು ಕೊಡುವ ಮೊದಲು ಇದಕ್ಕೆ ಉತ್ತರ ಸಿಗಲೇಬೇಕು. ಕಂಪನಿಯ ವೆಬ್‌ಸೈಟ್‌ಗೆ ಹೋಗಿ ನಿಮ್ಮ ಪಿನ್‌ಕೋಡ್ ಹಾಕಿ, ಹತ್ತಿರದ ಅಧಿಕೃತ ಸರ್ವೀಸ್ ಸೆಂಟರ್ ಯಾವುದು ಅಂತ ನೋಡಿ. ಆಮೇಲೆ ಅಲ್ಲಿಗೇ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಈ ಮಾದರಿಯ ಪರದೆ ಬದಲಾಯಿಸಲು ಎಷ್ಟು? ಬಿಡಿಭಾಗ ನಿಮ್ಮಲ್ಲೇ ಇರುತ್ತದೋ, ತರಿಸಬೇಕೋ?

ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಕಾರವಾರದವರಿಗೆ ಹುಬ್ಬಳ್ಳಿಗಿಂತ ಗೋವಾದ ಮಡಗಾಂವ್ ಹತ್ತಿರ. ಒಂದು ಸಲ ಕೊಡಲು, ಒಂದು ಸಲ ತರಲು ಹೋದರೆ ಎರಡು ದಿನದ ಕೆಲಸ ಹೋಯಿತು. ಆದ್ದರಿಂದ ಒಂದು ಕಂಪನಿಯ ಸೆಂಟರ್ ನಿಮ್ಮ ತಾಲೂಕಿನಲ್ಲೇ ಇದ್ದು, ಇನ್ನೊಂದರದ್ದು ಘಟ್ಟ ದಾಟಿ ಇದ್ದರೆ, ಮೇಲೆ ಹೇಳಿದ ಕ್ಯಾಮೆರಾ ಗೀಮೆರಾ ಎಲ್ಲ ಬದಿಗಿಟ್ಟು ಹತ್ತಿರದ್ದನ್ನೇ ಆರಿಸಿ. ನಾನಂತೂ ಹಾಗೇ ಮಾಡುತ್ತೇನೆ.

ಆಪಲ್‌ಕೇರ್ ಪ್ಲಸ್, ಸ್ಯಾಮ್‌ಸಂಗ್ ಕೇರ್ ಪ್ಲಸ್ ಅಂತ ವಿಮೆಯಂಥ ಯೋಜನೆಗಳಿವೆ. ಬಿದ್ದು ಒಡೆದರೆ, ನೀರು ತಾಗಿದರೆ ಅದು ನೆರವಿಗೆ ಬರುತ್ತದೆ. ಪ್ರತಿ ರಿಪೇರಿಗೂ ಕೈಯಿಂದ ಎಷ್ಟು ಕೊಡಬೇಕು ಅಂತ ಮೊದಲೇ ಕೇಳಿ. ಕಡಲ ತಡಿಯಲ್ಲಿ ಇರುವವರಿಗೆ ಇದು ದಂಡದ ಖರ್ಚಲ್ಲ.

ಎಷ್ಟು ವರ್ಷ ಬಾಳುತ್ತದೆ ಅನ್ನುವುದಕ್ಕೆ ಎರಡೂ ಒಳ್ಳೆಯವೇ. ಎಸ್25ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದು ಸ್ಯಾಮ್‌ಸಂಗ್ ಮಾತು ಕೊಟ್ಟಿದೆ. 2019ರಲ್ಲಿ ಬಂದ ಐಫೋನ್ 11ಕ್ಕೆ 2025ರಲ್ಲಿ ಬಂದ ಐಫೋನ್ ಸಾಫ್ಟ್‌ವೇರ್ ಐಓಎಸ್ 26 ಕೂಡ ಸಿಕ್ಕಿದೆ. ಮೂರು ನಾಲ್ಕು ವರ್ಷಕ್ಕೆ ಮಾರುವ ಯೋಚನೆ ಇದ್ದರೆ ಐಫೋನ್‌ಗೆ ಹಳೆಯ ಬೆಲೆ ಸ್ವಲ್ಪ ಜಾಸ್ತಿ ಸಿಗುವುದು ರೂಢಿ. ಮೆಮೊರಿ ಕಾರ್ಡ್ ಎರಡಕ್ಕೂ ಹಾಕಲಾಗುವುದಿಲ್ಲ, ಹಾಗಾಗಿ 256 ಜಿಬಿಗಿಂತ ಕಡಿಮೆ ಕೊಳ್ಳಬೇಡಿ.

ಕೊಳ್ಳುವ ದಿನ

ಡೆಮೋ ಫೋನಿನಲ್ಲಿ ವಾಟ್ಸಾಪ್‌ನಲ್ಲಿ ಬರೆಯುವ ಹಾಗೆ ನಾಲ್ಕು ಸಾಲು ಕನ್ನಡ ಬರೆಯಿರಿ. ಒತ್ತಕ್ಷರ ಬರುವ ಪದಗಳನ್ನೇ ಬರೆಯಿರಿ, ಸಿದ್ದಾಪುರ, ಲಕ್ಷ್ಮೀ, ಹಣ್ಣಡಿಕೆ. ಗ್ಯಾಲಕ್ಸಿಯಿಂದ ಐಫೋನ್‌ಗೆ ಹೋಗುವವರಿಗೆ ಕೀಬೋರ್ಡ್ ಹೊಸದಾಗಿ ಕಾಣುತ್ತದೆ. ಗೂಗಲ್‌ನ ಜಿಬೋರ್ಡ್ ಎರಡರಲ್ಲೂ ಹಾಕಿಕೊಳ್ಳಬಹುದು.

ಕಂತಿನಲ್ಲಿ ಕೊಳ್ಳುವವರು ಬಡ್ಡಿ ಇಲ್ಲ ಅಂದ ಕೂಡಲೇ ಸಹಿ ಹಾಕಬೇಡಿ. ಪ್ರೊಸೆಸಿಂಗ್ ಫೀ ಎಷ್ಟು, ನಗದು ಕೊಟ್ಟರೆ ಎಷ್ಟು ಕಡಿಮೆ ಆಗುತ್ತದೆ, ಎರಡನ್ನೂ ಬಿಲ್ಲಿನ ಹಿಂದೆ ಬರೆಸಿಕೊಂಡು ಹೋಲಿಸಿ. ಜಿಎಸ್‌ಟಿ ಬಿಲ್ಲಿನಲ್ಲಿ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಇರಲೇಬೇಕು. ಫೋನಿನಲ್ಲಿ *#06# ಒತ್ತಿದರೆ ಅದೇ ನಂಬರ್ ಬರಬೇಕು, ಪೆಟ್ಟಿಗೆಯ ಮೇಲೂ ಅದೇ ಇರಬೇಕು. ಯಾರದೋ ಕೈಯಿಂದ ಹಳೆಯ ಫೋನ್ ಕೊಳ್ಳುವುದಾದರೆ ಆ ನಂಬರನ್ನು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಕಳವಿನ ಫೋನ್ ಎಂದು ಬ್ಲಾಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ತಂಗಿ ಗ್ಯಾಲಕ್ಸಿ ತಗೊಂಡಳು. ಅವಳ ಪಟ್ಟಿಯ ಮೊದಲ ಎರಡು ಸಾಲಿಗೆ, ಅಂದರೆ ಎರಡು ಸಿಮ್‌ಗೆ ಮತ್ತು ಆಟದ ಫೋಟೋಗೆ, ಅದೇ ಸರಿಯಾದ ಉತ್ತರ. ನನ್ನ ಪಟ್ಟಿ ಬೇರೆ. ತೋಟದ ಕೈ, ಎಲೆಚುಕ್ಕಿ ಫೋಟೋ, ಮಕ್ಕಳ ವಿಡಿಯೋ. ನಾನು ಕೊಳ್ಳುವುದಾದರೆ ಐಫೋನ್ ಕೊಳ್ಳುತ್ತೇನೆ, ಮನೆಯ ಬಿಎಸ್‌ಎನ್‌ಎಲ್ ಸಿಮ್ ಟ್ರೇಯಲ್ಲಿ ಇಟ್ಟುಕೊಂಡು.

ಹಳೆಯ ಫೋನನ್ನು ಅಂದೇ ಎಕ್ಸ್‌ಚೇಂಜ್‌ಗೆ ಕೊಟ್ಟು ಬರಬೇಡಿ. ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಹೋಗುವವರು ಮೂವ್ ಟು ಐಓಎಸ್ ಆಪ್ ಬಳಸಿ, ಐಫೋನ್‌ನಿಂದ ಗ್ಯಾಲಕ್ಸಿಗೆ ಬರುವವರು ವೈರ್ ಹಾಕಿ ಸ್ಮಾರ್ಟ್ ಸ್ವಿಚ್ ಬಳಸಿ. ವಾಟ್ಸಾಪ್ ಮಾತುಕತೆ, ಫೋಟೋ ಎಲ್ಲ ಬರುತ್ತದೆ. ಆದರೆ ವಾಟ್ಸಾಪ್ ಮಾತುಕತೆ ಬರಬೇಕಾದರೆ ಇದನ್ನು ಹೊಸ ಫೋನ್ ಮೊದಲ ಸಲ ಶುರು ಮಾಡುವಾಗಲೇ ಮಾಡಬೇಕು. ಆಮೇಲೆ ನೆನಪಾದರೆ ಹೊಸ ಫೋನನ್ನು ಪೂರ್ತಿ ಅಳಿಸಿ ಮತ್ತೆ ಶುರು ಮಾಡಬೇಕಾಗುತ್ತದೆ. ಎರಡೂ ಫೋನ್ ಚಾರ್ಜ್ ತುಂಬಿರಲಿ, ಮನೆಯಲ್ಲಿ ವೈಫೈ ಇರಲಿ, ಕರೆಂಟು ಹೋಗದ ಹೊತ್ತು ನೋಡಿ ಕೂರಿ. ತಂಗಿಯದ್ದು ಮುಗಿಯಲು ಎರಡು ತಾಸು ಬೇಕಾಯಿತು. ಬ್ಯಾಂಕಿನ ಆಪ್‌ಗಳನ್ನು ಮಾತ್ರ ಒಂದೊಂದಾಗಿ ಹೊಸದಾಗಿ ಹಾಕಿಕೊಳ್ಳಬೇಕು, ಆಗ ಸಿಮ್ ಹೊಸ ಫೋನಿನಲ್ಲೇ ಇರಬೇಕು. ಅದೆಲ್ಲ ಸರಿಹೋಗಿ ಹದಿನೈದು ದಿನ ಕಳೆದ ಮೇಲೆ ಹಳೆಯದನ್ನು ಕೊಡುವುದೋ ಇಟ್ಟುಕೊಳ್ಳುವುದೋ ಯೋಚಿಸಿ. ತಂಗಿ ಇಟ್ಟುಕೊಂಡಿದ್ದಾಳೆ, ಸಿಮ್ ಟ್ರೇ ತೆಗೆಯುವ ಪಿನ್ನನ್ನೂ ಅದರ ಹಿಂದೆ ಟೇಪ್ ಹಾಕಿ ಅಂಟಿಸಿ.